ಖಾತೆ ಬಂದರೆ ಹಕ್ಕು ಬಂತೇ? ಹಾಸನ, ಚಿಕ್ಕಮಗಳೂರಿನಲ್ಲಿ ಬಡಾವಣೆಗೆ ಜಮೀನು ಕೊಳ್ಳುವ ಮುನ್ನ

ಆಸ್ತಿ ನೋಂದಣಿಗೆ ಸಂಬಂಧಿಸಿದ ಸುದ್ದಿಗಳು ಕಳೆದ ಎರಡು ವರ್ಷಗಳಲ್ಲಿ ಒಂದರ ಬೆನ್ನಿಗೊಂದು ಬಂದಿವೆ. 2024ರ ಅಕ್ಟೋಬರ್‌ನಲ್ಲಿ ನಿವೇಶನ ಮತ್ತು ಮನೆಗಳ ನೋಂದಣಿಗೆ ಇ-ಖಾತೆ, ಅಂದರೆ ಸ್ಥಳೀಯ ಸಂಸ್ಥೆಯ ಆಸ್ತಿ ಲೆಕ್ಕದ ಗಣಕೀಕೃತ ಪ್ರತಿ, ಕಡ್ಡಾಯವಾಯಿತು. 2025ರ ಫೆಬ್ರವರಿಯಲ್ಲಿ ಅನಧಿಕೃತ ಬಡಾವಣೆಗಳ ಸ್ವತ್ತುಗಳಿಗೂ ಬಿ-ಖಾತೆ ನೀಡುವ ಅಭಿಯಾನ ನಗರಸಭೆ, ಪುರಸಭೆಗಳಲ್ಲಿ ಆರಂಭವಾಯಿತು. ಅದೇ ವರ್ಷದ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮಾರಾಟಗಾರನ ಹೆಸರಿನಲ್ಲಿ ಕಂದಾಯ ದಾಖಲೆ ಇದ್ದರೆ ಮಾತ್ರ ಕ್ರಯಪತ್ರ ನೋಂದಾಯಿಸಬೇಕೆಂಬ ಬಿಹಾರ ಸರ್ಕಾರದ ನಿಯಮವನ್ನು ರದ್ದುಪಡಿಸಿತು.

ಈ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ಗೊಂದಲವಾಗುವುದು ಸಹಜ. ಖಾತೆ ಇಲ್ಲದೆ ನೋಂದಣಿ ಇಲ್ಲ ಎಂದು ಒಂದು ಕಡೆ ಹೇಳಿದರೆ, ಅಂಥ ದಾಖಲೆ ಕೇಳಿ ನೋಂದಣಿ ತಡೆಯುವಂತಿಲ್ಲ ಎಂದು ಇನ್ನೊಂದು ಕಡೆ ಹೇಳಲಾಗುತ್ತಿದೆ. ಅನಧಿಕೃತವೆಂದು ಸರ್ಕಾರವೇ ಕರೆದ ನಿವೇಶನಕ್ಕೆ ಸರ್ಕಾರವೇ ಖಾತೆ ಕೊಡುತ್ತಿದೆ. ಹಾಗಾದರೆ ಜಮೀನು ಯಾರದು ಎಂಬುದನ್ನು ನಿರ್ಣಯಿಸುವ ಕಾಗದ ಯಾವುದು? ಹಾಸನದಲ್ಲಿ ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿಸುವ ನಿರ್ಧಾರದ ನಂತರ ಸುತ್ತಲಿನ ಹಳ್ಳಿಗಳ ಹೊಲಗಳು ಎಕರೆ ಲೆಕ್ಕ ಬಿಟ್ಟು ಗುಂಟೆ ಲೆಕ್ಕದಲ್ಲಿ ಬಿಕರಿಯಾಗುತ್ತಿರುವಾಗ, ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ಅಂಚುಗಳು ವಿಲ್ಲಾ ನಿವೇಶನಗಳಾಗುತ್ತಿರುವಾಗ, ಇದು ಪಾಠಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ.

ಇ-ಖಾತೆ, ಗ್ರಾಮ ಪಂಚಾಯಿತಿ ಆಸ್ತಿಗಳ ಇ-ಸ್ವತ್ತು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ ಇವೆಲ್ಲ ಕಾಗದದ ಸರಪಳಿಯ ತುದಿಯನ್ನು ಗಟ್ಟಿಗೊಳಿಸುತ್ತವೆ. ಈ ಎರಡು ಜಿಲ್ಲೆಗಳಲ್ಲಿ ತೊಡಕು ಇರುವುದು ಹೆಚ್ಚಾಗಿ ಸರಪಳಿಯ ಬುಡದಲ್ಲಿ, ಅಂದರೆ ಆ ಜಮೀನು ಮೊದಲು ಯಾರಿಗೆ, ಯಾವ ಷರತ್ತಿನ ಮೇಲೆ, ಯಾವ ಇಲಾಖೆಯ ಕೈಯಿಂದ ಬಂತು ಎಂಬಲ್ಲಿ.

ನೋಂದಣಿ ಏನನ್ನು ಹೇಳುವುದಿಲ್ಲ

1908ರ ನೋಂದಣಿ ಕಾಯಿದೆಯಡಿ ನೋಂದಣಿಯಾಗುವುದು ದಸ್ತಾವೇಜು, ಮಾಲೀಕತ್ವವಲ್ಲ. ಬರೆದುಕೊಡುವವರು ತಾವೇ ಎಂದು ಒಪ್ಪಿದರೇ, ಮುದ್ರಾಂಕ ಶುಲ್ಕ ಸರಿಯಾಗಿದೆಯೇ, ಸ್ವತ್ತಿನ ವಿವರ ಗುರುತಿಸುವಂತಿದೆಯೇ ಎಂಬುದನ್ನು ಉಪನೋಂದಣಾಧಿಕಾರಿ ನೋಡುತ್ತಾರೆ. ಮಾರುವವರಿಗೆ ಮಾರುವ ಹಕ್ಕು ನಿಜಕ್ಕೂ ಇದೆಯೇ ಎಂಬ ವಿವಾದವನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಮಾರುವವರಿಗೇ ಇಲ್ಲದ ಹಕ್ಕು, ಎಷ್ಟು ಶುಲ್ಕ ಕಟ್ಟಿ ನೋಂದಾಯಿಸಿದರೂ ಕೊಂಡವರಿಗೆ ಬರುವುದಿಲ್ಲ.

ಜಮೀನಿನ ಹಕ್ಕುದಾಖಲೆಯಾದ ಪಹಣಿಯ ಕತೆಯೂ ಹೆಚ್ಚು ಭಿನ್ನವಲ್ಲ. ಕರ್ನಾಟಕ ಭೂ ಕಂದಾಯ ಕಾಯಿದೆ, 1964ರ ಕಲಂ 133ರ ಪ್ರಕಾರ ಹಕ್ಕುದಾಖಲೆಯಲ್ಲಿರುವ ನಮೂದು ವಿರುದ್ಧ ಸಾಬೀತಾಗುವವರೆಗೆ ನಿಜವೆಂದು ಭಾವಿಸತಕ್ಕದ್ದು. ಕೊಳ್ಳುವವರು ಒತ್ತಿ ಓದಬೇಕಾದದ್ದು ‘ಸಾಬೀತಾಗುವವರೆಗೆ’ ಎಂಬ ಮಾತನ್ನು. ಖಾತೆಯಾದರೋ ಮೂಲತಃ ತೆರಿಗೆ ಯಾರಿಂದ ವಸೂಲಿ ಮಾಡಬೇಕೆಂದು ಸ್ಥಳೀಯ ಸಂಸ್ಥೆ ಇಟ್ಟುಕೊಳ್ಳುವ ಲೆಕ್ಕ. ಅದು ಕಾಗದದ ಪುಸ್ತಕದಿಂದ ಕಂಪ್ಯೂಟರಿಗೆ ಬಂದ ಮಾತ್ರಕ್ಕೆ ಅದರ ಸ್ವಭಾವ ಬದಲಾಗುವುದಿಲ್ಲ.

ಇಲ್ಲಿ ಎರಡು ವಾದಗಳಿವೆ. ಇ-ಖಾತೆ ಕಡ್ಡಾಯ ಮಾಡಿದ್ದರಿಂದ ಒಂದೇ ನಿವೇಶನವನ್ನು ಇಬ್ಬರು ಮೂವರಿಗೆ ಮಾರುವ, ಬೇರೊಬ್ಬರ ಹೆಸರಿನಲ್ಲಿ ಬಂದು ಸಹಿ ಹಾಕುವ ವಂಚನೆಗೆ ಕಡಿವಾಣ ಬೀಳುತ್ತದೆ ಎಂಬುದು ಸರ್ಕಾರದ ಸಮರ್ಥನೆ, ಮತ್ತು ಅದರಲ್ಲಿ ಹುರುಳಿದೆ. ಖಾತೆ ಮಾಡಿಸುವ ವಿಳಂಬದಿಂದ ಪ್ರಾಮಾಣಿಕ ವ್ಯವಹಾರವೂ ನಿಂತುಹೋಗುತ್ತದೆ, ಸ್ವತ್ತನ್ನು ಮಾರುವ ಹಕ್ಕಿಗೇ ಇದು ಅಡ್ಡಗೋಡೆ ಎಂಬುದು ವಿರೋಧಿಸುವವರ ದೂರು; ಬಿಹಾರದ ತೀರ್ಪನ್ನು ಅವರು ಉಲ್ಲೇಖಿಸುವುದು ಇದಕ್ಕಾಗಿಯೇ. ಆದರೆ ಅಲ್ಲಿ ಪ್ರಶ್ನೆಗೊಳಗಾದದ್ದು ಆ ರಾಜ್ಯದ ನೋಂದಣಿ ನಿಯಮಗಳು. ನಮ್ಮ ರಾಜ್ಯದ ವ್ಯವಸ್ಥೆ ತನ್ನದೇ ಕಾನೂನಿನ ಮೇಲೆ ನಿಂತಿರುವುದರಿಂದ ಆ ತೀರ್ಪನ್ನು ಇಲ್ಲಿಗೆ ನೇರವಾಗಿ ಅಂಟಿಸಲಾಗದು. ಜಮೀನು ಕೊಳ್ಳುವವರಿಗೆ ಆ ತೀರ್ಪಿನಲ್ಲಿ ಹೆಚ್ಚು ಮುಖ್ಯವಾದ ಮಾತು ಬೇರೆ ಇದೆ: ಭಾರತದಲ್ಲಿ ನೋಂದಾಯಿತ ಕ್ರಯಪತ್ರವು ಮಾಲೀಕತ್ವದ ಬಗ್ಗೆ ಒಂದು ಊಹೆಯನ್ನಷ್ಟೇ ಕೊಡುತ್ತದೆ, ಖಾತರಿಯನ್ನಲ್ಲ ಎಂದು ನ್ಯಾಯಾಲಯ ಮತ್ತೊಮ್ಮೆ ಬಿಡಿಸಿ ಹೇಳಿದೆ.

ಮೂವತ್ತು ವರ್ಷದ ಲೆಕ್ಕ

ಜಮೀನಿನ ಕಾಗದ ನೋಡುವಾಗ ವಕೀಲರು, ಬ್ಯಾಂಕಿನವರು ಸಾಮಾನ್ಯವಾಗಿ ಮೂವತ್ತು ವರ್ಷಗಳ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ಕೇಳುತ್ತಾರೆ. ಇದಕ್ಕೊಂದು ಕಾರಣವಿದೆ. 1963ರ ಕಾಲಮಿತಿ ಕಾಯಿದೆಯಲ್ಲಿ ಮಾಲೀಕತ್ವದ ಆಧಾರದ ಮೇಲೆ ಸ್ವಾಧೀನ ಕೇಳುವ ಖಾಸಗಿ ದಾವೆಗೆ 12 ವರ್ಷ, ಸರ್ಕಾರ ಹೂಡುವ ದಾವೆಗೆ 30 ವರ್ಷ ಮಿತಿ ಇದೆ. ಮೂವತ್ತು ವರ್ಷ ತಕರಾರಿಲ್ಲದೆ ಕಳೆದಿದ್ದರೆ ಹಳೆಯ ಹಕ್ಕುದಾರರು ಎದ್ದುಬರುವ ಸಂಭವ ಕಡಿಮೆ ಎಂಬುದು ಈ ರೂಢಿಯ ಹಿಂದಿನ ತರ್ಕ.

ಬೆಂಗಳೂರಿನ ಹಳೆಯ ಬಡಾವಣೆಯ ಮನೆಗೆ ಈ ತರ್ಕ ಬಹುಮಟ್ಟಿಗೆ ಸಾಕಾಗಬಹುದು. ಮಲೆನಾಡಿನ ಅಂಚಿನ ಜಮೀನಿಗೆ ಸಾಲದು. ಮೊದಲನೆಯದಾಗಿ, ಇ.ಸಿ.ಯಲ್ಲಿ ಕಾಣುವುದು ನೋಂದಾಯಿತ ವ್ಯವಹಾರಗಳು ಮಾತ್ರ. ಸರ್ಕಾರದ ಮಂಜೂರಾತಿ ಆದೇಶ, ಭೂ ನ್ಯಾಯಮಂಡಳಿಯ ತೀರ್ಪು, ಬಾಯಿಮಾತಿನ ವಿಭಾಗ, ಅರಣ್ಯ ಇಲಾಖೆಯ ಅಧಿಸೂಚನೆ, ಉಪವಿಭಾಗಾಧಿಕಾರಿಯ ಮುಂದಿರುವ ಅರ್ಜಿ, ಇವ್ಯಾವುವೂ ಅಲ್ಲಿ ಇರುವುದಿಲ್ಲ. ಎರಡನೆಯದಾಗಿ, ಕಾವೇರಿ ಜಾಲತಾಣದಲ್ಲಿ ಸುಲಭವಾಗಿ ಸಿಗುವ ಇ.ಸಿ. 2004ರ ಏಪ್ರಿಲ್ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಕೈಬರಹದ ಸೂಚಿಗಳನ್ನು ಹುಡುಕಿಸಬೇಕು. ಮೊಬೈಲಿನಲ್ಲಿ ಪಡೆದ ಇಪ್ಪತ್ತು ವರ್ಷದ ಇ.ಸಿ. ತೋರಿಸಿ ‘ಪೇಪರ್ ಕ್ಲೀನಾಗಿದೆ’ ಎನ್ನುವ ಮಧ್ಯವರ್ತಿ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಅವರ ಕೈಯಲ್ಲಿರುವುದು ಅರ್ಧ ಕಾಗದ, ಅಷ್ಟೆ. ಮೂರನೆಯದಾಗಿ, ಮುಂದೆ ನೋಡಲಿರುವಂತೆ, ಕೆಲವು ಬಗೆಯ ಜಮೀನಿಗೆ ಕಾಲಮಿತಿಯ ರಕ್ಷಣೆಯೇ ಸಂದೇಹಾಸ್ಪದ.

ಆದ್ದರಿಂದ ಹುಡುಕಾಟ ಇಂದಿನಿಂದ ಹಿಂದಕ್ಕೆ ಮೂವತ್ತು ವರ್ಷ ಹೋಗಿ ನಿಲ್ಲಬಾರದು. ಜಮೀನಿನ ಹುಟ್ಟಿನವರೆಗೆ ಹೋಗಿ ಅಲ್ಲಿಂದ ಮುಂದಕ್ಕೆ ಬರಬೇಕು. ಪಹಣಿಯನ್ನು ಗಣಕೀಕರಿಸಿದ ಭೂಮಿ ತಂತ್ರಾಂಶಕ್ಕೂ ಹಿಂದಿನ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್, ಪ್ರತಿಯೊಂದು ಹೆಸರು ಬದಲಾವಣೆಯ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಪ್ರತಿ ಇವುಗಳನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ದೃಢೀಕೃತವಾಗಿ ಪಡೆಯಬೇಕು. ‘ಭೂ ಸುರಕ್ಷಾ’ ಯೋಜನೆಯಡಿ ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದರಿಂದ ಕೆಲಸ ಮೊದಲಿಗಿಂತ ಸುಲಭವಾಗುತ್ತಿದೆ.

ಸರ್ಕಾರ ಕೊಟ್ಟ ಜಮೀನು

ಪಹಣಿಯ 10ನೇ ಕಾಲಂನಲ್ಲಿ ‘ಮಂಜೂರು’, ‘ದರಖಾಸ್ತು’, ‘ಸಕ್ರಮ’ ಎಂಬ ಪದಗಳಲ್ಲಿ ಯಾವುದೊಂದು ಕಂಡರೂ ಕೊಳ್ಳುವವರು ಅಲ್ಲಿಯೇ ನಿಂತು ಯೋಚಿಸಬೇಕು. ಹಳೆಯ ಗೋಮಾಳ, ಕಾವಲು, ಬೀಳು ಜಮೀನುಗಳು ದಶಕಗಳ ಅವಧಿಯಲ್ಲಿ ಹಲವು ಯೋಜನೆಗಳಡಿ ಹಂಚಿಕೆಯಾಗಿವೆ: ಭೂರಹಿತರಿಗೆ, ಮಾಜಿ ಸೈನಿಕರಿಗೆ, ಬಗರ್ ಹುಕುಂ ಸಾಗುವಳಿದಾರರಿಗೆ, ಅಂದರೆ ಅನುಮತಿ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿದ್ದವರಿಗೆ, ಅರ್ಜಿ ನಮೂನೆ 50, 53 ಮತ್ತು ಈಚಿನ 57ರ ಮೂಲಕ. ಹಾಸನ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ ಕಟ್ಟಿದಾಗ ಮುಳುಗಡೆಯಾದವರಿಗಾಗಿ ಜಿಲ್ಲೆಯ ಹಲವು ಕಡೆ ಜಮೀನು ಕಾಯ್ದಿರಿಸಲಾಯಿತು. ಎಚ್.ಆರ್.ಪಿ. (ಹೇಮಾವತಿ ಜಲಾಶಯ ಯೋಜನೆ) ಜಮೀನು ಎಂದು ಜನರು ಕರೆಯುವ ಈ ಭೂಮಿಯಲ್ಲಿ ಸಂತ್ರಸ್ತರಲ್ಲದವರ ಹೆಸರಿಗೂ ಮಂಜೂರಾತಿ ಸೃಷ್ಟಿಯಾದ ಆರೋಪಗಳು ತನಿಖೆಗೆ ಒಳಗಾಗಿವೆ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ಮೂಡಿಗೆರೆ ತಾಲ್ಲೂಕುಗಳಲ್ಲಿಯೂ ಅಕ್ರಮ ಮಂಜೂರಾತಿಯ ತನಿಖೆಗಾಗಿ ಸರ್ಕಾರ ಬೇರೆ ಕಡೆಯ ತಹಶೀಲ್ದಾರರ ತಂಡವನ್ನೇ ಕಳುಹಿಸಿತ್ತು. ಅರಸೀಕೆರೆ, ಕಡೂರು, ಅಜ್ಜಂಪುರದ ಕಡೆ ಅಮೃತ ಮಹಲ್ ದನಗಳ ಮೇವಿಗೆ ಮೀಸಲಾದ ಕಾವಲುಗಳ ಅಂಚಿನ ಜಮೀನಿನ ಬಗ್ಗೆಯೂ ಇದೇ ಎಚ್ಚರ ಬೇಕು.

ಮಂಜೂರಾತಿಯೇ ಬೋಗಸ್ ಎಂದು ನಾಳೆ ತೀರ್ಮಾನವಾದರೆ ಅದರ ಮೇಲೆ ಕಟ್ಟಿದ ಕ್ರಯಪತ್ರ, ಪರಿವರ್ತನೆ, ನಕ್ಷೆ, ನಿವೇಶನ, ಸಾಲ ಎಲ್ಲವೂ ಒಟ್ಟಿಗೆ ಕುಸಿಯುತ್ತವೆ. ಹೀಗಾಗಿ ಮಂಜೂರಾತಿಗೆ ಕೊಟ್ಟ ಸಾಗುವಳಿ ಚೀಟಿಯ ನಕಲು ಕಂಡು ಸಮಾಧಾನಪಡುವಂತಿಲ್ಲ. ಆ ಚೀಟಿಗೆ ಆಧಾರವಾದ ಮೂಲ ಕಡತ ಇದೆಯೇ, ದರಖಾಸ್ತು ವಹಿಯಲ್ಲಿ ಅದರ ಕ್ರಮಸಂಖ್ಯೆ ಹೊಂದುತ್ತದೆಯೇ, ಸಕ್ರಮೀಕರಣ ಸಮಿತಿಯ ನಡವಳಿಯಲ್ಲಿ ಹೆಸರಿದೆಯೇ, ಕಿಮ್ಮತ್ತು ಕಟ್ಟಿದ ಚಲನ್ ಸಿಗುತ್ತದೆಯೇ, ಆದೇಶಕ್ಕೆ ಸಹಿ ಹಾಕಿದ ಅಧಿಕಾರಿಗೆ ಅಷ್ಟು ವಿಸ್ತೀರ್ಣ ಮಂಜೂರು ಮಾಡುವ ಅಧಿಕಾರ ಆ ದಿನ ಇತ್ತೇ ಎಂಬುದನ್ನೆಲ್ಲ ತಾಳೆ ನೋಡಬೇಕು. ಊರಿನಿಂದ ನಿಗದಿತ ದೂರದೊಳಗಿನ ಸರ್ಕಾರಿ ಜಮೀನನ್ನು ಬಗರ್ ಹುಕುಂ ಅಡಿ ಸಕ್ರಮ ಮಾಡಲು ಕಾನೂನಿನಲ್ಲಿ ನಿರ್ಬಂಧವಿರುವುದರಿಂದ, ಬಡಾವಣೆಗೆ ಹೇಳಿ ಮಾಡಿಸಿದಂತೆ ನಗರದ ಮಗ್ಗುಲಲ್ಲೇ ಇರುವ ಸಕ್ರಮ ಜಮೀನನ್ನು ಹೆಚ್ಚು ಅನುಮಾನದಿಂದಲೇ ನೋಡಬೇಕು. ಕಡತ ಲಭ್ಯವಿಲ್ಲ ಎಂದು ಕಚೇರಿ ಹಿಂಬರಹ ಕೊಟ್ಟರೆ ಕಡತ ಇದೆ ಎಂದೂ ಸಾಬೀತಾಗಲಿಲ್ಲ, ಮಂಜೂರಾತಿ ಸಾಚಾ ಎಂದೂ ಸಾಬೀತಾಗಲಿಲ್ಲ. ಮಾರುಕಟ್ಟೆಯಲ್ಲಿ ಮಾತ್ರ ಆ ಹಿಂಬರಹವೇ ನಿರಾಕ್ಷೇಪಣಾ ಪತ್ರದಂತೆ ಚಲಾವಣೆಯಾಗುತ್ತಿದೆ.

ಮಂಜೂರಾತಿ ಸಾಚಾ ಆಗಿದ್ದರೂ ಎರಡನೆಯ ಪ್ರಶ್ನೆ ಉಳಿಯುತ್ತದೆ, ಷರತ್ತಿನದು. ನಿಗದಿತ ವರ್ಷಗಳವರೆಗೆ ಪರಭಾರೆ, ಅಂದರೆ ಮಾರಾಟದಂಥ ವರ್ಗಾವಣೆ, ಮಾಡಬಾರದೆಂದು ಮಂಜೂರಾತಿ ಆದೇಶದಲ್ಲಿ ಬರೆದಿರುತ್ತದೆ. ಆ ಅವಧಿ ಯಾವ ವರ್ಷ, ಯಾವ ನಿಯಮದಡಿ ಮಂಜೂರಾಯಿತು ಎಂಬುದರ ಮೇಲೆ ಬದಲಾಗುತ್ತದೆ. ಆದೇಶದ ಪ್ರತಿಯನ್ನು ಓದದೆ ಇದನ್ನು ಅಂದಾಜು ಮಾಡಲಾಗದು.

ಪಿ.ಟಿ.ಸಿ.ಎಲ್.: ಕಾಲ ಕಳೆದರೆ ಕ್ಷೇಮವೇ?

ಮಂಜೂರಾತಿ ಪಡೆದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 1979ರ ಜನವರಿ 1ರಂದು ಜಾರಿಗೆ ಬಂದ, ಜನರ ಬಾಯಲ್ಲಿ ಪಿ.ಟಿ.ಸಿ.ಎಲ್. ಆಗಿರುವ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ 1978ರ ಕಾಯಿದೆ ಅನ್ವಯವಾಗುತ್ತದೆ. ಷರತ್ತು ಮುರಿದು ಮಾಡಿದ ಪರಭಾರೆ ಕಾಯಿದೆಗೆ ಮುಂಚಿನದಾದರೂ ಅನೂರ್ಜಿತ. ಕಾಯಿದೆ ಬಂದ ಮೇಲಿನ ಯಾವುದೇ ಪರಭಾರೆಗೆ ಸರ್ಕಾರದ ಪೂರ್ವಾನುಮತಿ ಬೇಕು. ಅನುಮತಿ ಇಲ್ಲದ ಮಾರಾಟವನ್ನು ರದ್ದುಪಡಿಸಿ ಜಮೀನನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸುವ ಅಧಿಕಾರ ಉಪವಿಭಾಗಾಧಿಕಾರಿಗೆ ಇದೆ. ಸುಪ್ರೀಂ ಕೋರ್ಟ್ 1984ರಲ್ಲಿಯೇ ಈ ಕಾಯಿದೆಯ ಸಿಂಧುತ್ವವನ್ನು ಎತ್ತಿಹಿಡಿದಿದೆ. ನಡುವೆ ಎಷ್ಟು ಕೈ ಬದಲಾಗಿದೆ, ಈಗಿನ ಮಾಲೀಕರು ಎಷ್ಟು ಅಮಾಯಕರು ಎಂಬುದು ಇಲ್ಲಿ ನಿರ್ಣಾಯಕವಲ್ಲ.

ಗೊಂದಲ ಹುಟ್ಟಿದ್ದು ಕಾಲದ ಪ್ರಶ್ನೆಯಲ್ಲಿ. ಅರ್ಜಿ ಹಾಕಲು ಕಾಯಿದೆಯಲ್ಲಿ ಮಿತಿ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್, ಮಿತಿ ಹೇಳದಿದ್ದರೂ ನ್ಯಾಯಸಮ್ಮತ ಅವಧಿಯೊಳಗೆ ಅರ್ಜಿ ಬರಬೇಕು ಎಂದಿತು. ಪರಿಣಾಮವಾಗಿ ಇಪ್ಪತ್ತು ಮೂವತ್ತು ವರ್ಷ ತಡವಾಗಿ ಬಂದ ಅರ್ಜಿಗಳು ಸಾಲುಸಾಲಾಗಿ ವಜಾ ಆದವು. ಓದುಬರಹ ಬಾರದ, ಸಾಲಕ್ಕೋ ಒತ್ತಾಯಕ್ಕೋ ಜಮೀನು ಕಳೆದುಕೊಂಡ ಕುಟುಂಬಗಳಿಗೆ ಕಾಯಿದೆಯ ರಕ್ಷಣೆಯೇ ಕೈತಪ್ಪಿತು ಎಂದು ದಲಿತ ಸಂಘಟನೆಗಳು ದೀರ್ಘ ಹೋರಾಟ ನಡೆಸಿದವು. 2023ರ ಜುಲೈನಲ್ಲಿ ಶಾಸನಸಭೆ ಕಲಂ 5ಕ್ಕೆ ತಿದ್ದುಪಡಿ ತಂದು, ಯಾವುದೇ ಕಾನೂನಿನಲ್ಲಿ ಏನೇ ಇದ್ದರೂ ಈ ಅರ್ಜಿಗಳಿಗೆ ಕಾಲಮಿತಿ ಇಲ್ಲ ಎಂದು ಸೇರಿಸಿತು. ಆಮೇಲೆ 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ಅತಿಯಾದ ವಿಳಂಬ ಬೇರೆ; ತಿದ್ದುಪಡಿ ಮೊದಲನೆಯದನ್ನು ತೆಗೆದರೂ ಎರಡನೆಯದನ್ನು ಪರಿಗಣಿಸುವ ಅಧಿಕಾರ ಅಳಿದಿಲ್ಲ ಎಂದು ಅರ್ಥೈಸಿತು.

ಕೊಳ್ಳುವವರ ಕಡೆಯ ವಾದ, ನಲವತ್ತು ವರ್ಷದ ಹಿಂದಿನ ಮಾರಾಟವನ್ನು ಇಂದು ಕೆದಕಿದರೆ ಯಾವ ವ್ಯವಹಾರಕ್ಕೂ ಭದ್ರತೆ ಇರುವುದಿಲ್ಲ ಎಂಬುದು. ಆದರೆ ಅನುಮತಿ ಬೇಕೆಂಬ ಕಾನೂನು 1979ರಿಂದ ಎಲ್ಲರ ಕಣ್ಣೆದುರಿಗೇ ಇದ್ದಾಗ, ಅದನ್ನು ನೋಡದೆ ಕೊಂಡವರ ನಷ್ಟವನ್ನು ಮೂಲ ಮಂಜೂರುದಾರರ ಮೇಲೆ ಹೊರಿಸುವುದು ನ್ಯಾಯವಾಗಿ ಕಾಣುವುದಿಲ್ಲ. ವ್ಯವಹಾರದ ದೃಷ್ಟಿಯಿಂದಲೂ ಲೆಕ್ಕ ಸರಳವಾಗಿದೆ: ವಿಳಂಬದ ವಾದದಿಂದ ಕೊನೆಗೆ ಗೆಲ್ಲಬಹುದಾದರೂ, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ, ಹೈಕೋರ್ಟ್ ಎಂದು ಮೆಟ್ಟಿಲು ಹತ್ತುವ ವರ್ಷಗಳಲ್ಲಿ ಬಡಾವಣೆಯ ಒಂದು ನಿವೇಶನವೂ ಮಾರಾಟವಾಗುವುದಿಲ್ಲ. ಹೀಗಾಗಿ ಹಾಸನ, ಸಕಲೇಶಪುರ, ಚಿಕ್ಕಮಗಳೂರು, ತರೀಕೆರೆ ಉಪವಿಭಾಗಾಧಿಕಾರಿಗಳ ಪೈಕಿ ಸಂಬಂಧಪಟ್ಟವರ ಕಚೇರಿಯಲ್ಲಿ ಆ ಸರ್ವೆ ನಂಬರಿನ ಮೇಲೆ ಪ್ರಕರಣ ಇದೆಯೇ, ಹಿಂದೆ ಇತ್ತೇ ಎಂದು ವಿಚಾರಿಸುವುದು ಇ.ಸಿ. ಪಡೆದಷ್ಟೇ ಅಗತ್ಯ.

ಕಂದಾಯದ ಜಮೀನೋ, ಕಾಡೋ

ಮಲೆನಾಡಿನಲ್ಲಿ ಒಂದೇ ಸರ್ವೆ ನಂಬರಿಗೆ ಇಬ್ಬರು ಯಜಮಾನರಿರುವುದು ಅಪರೂಪವಲ್ಲ. 1963ರ ಕರ್ನಾಟಕ ಅರಣ್ಯ ಕಾಯಿದೆಯ ಕಲಂ 4ರಡಿ ಸರ್ಕಾರ ಒಂದು ಪ್ರದೇಶವನ್ನು ಮೀಸಲು ಅರಣ್ಯವಾಗಿಸುವ ಉದ್ದೇಶ ಪ್ರಕಟಿಸುತ್ತದೆ. ಹಕ್ಕು, ತಕರಾರುಗಳ ವಿಚಾರಣೆಯ ನಂತರ ಕಲಂ 17ರಡಿ ಅಂತಿಮ ಅಧಿಸೂಚನೆ ಬರಬೇಕು. ಅನೇಕ ಕಡೆ ಕಲಂ 4 ಆಗಿ ದಶಕಗಳೇ ಕಳೆದರೂ 17 ಆಗಿಲ್ಲ. ಈ ನಡುವೆ ಕಂದಾಯ ಇಲಾಖೆ ತನ್ನ ಪಹಣಿಯಲ್ಲಿ ಅದನ್ನು ಸರ್ಕಾರಿ ಬೀಳು ಎಂದೇ ಇಟ್ಟುಕೊಂಡು ರೈತರಿಗೆ ಮಂಜೂರು ಮಾಡಿದೆ. ಕಲಂ 4ರ ಅಧಿಸೂಚನೆಯ ನಂತರ ಅಂಥ ಜಮೀನಿನಲ್ಲಿ ಹೊಸ ಹಕ್ಕು ಹುಟ್ಟಲು ಕಲಂ 5 ಅಡ್ಡಿಯಾಗುತ್ತದೆ. ರೈತರು ತಮ್ಮದು ತಪ್ಪಿಲ್ಲ, ಕೊಟ್ಟದ್ದು ಸರ್ಕಾರವೇ ಎನ್ನುತ್ತಾರೆ. ಅರಣ್ಯ ಇಲಾಖೆ ತನ್ನ ಅಧಿಸೂಚನೆ ಮೊದಲಿನದು ಎನ್ನುತ್ತದೆ. ಎರಡು ಇಲಾಖೆಗಳ ಜಂಟಿ ಸರ್ವೆ ಮುಗಿಯದೆ ಇದು ಇತ್ಯರ್ಥವಾಗುವಂಥದ್ದಲ್ಲ. ಸಾಗುವಳಿ ಮಾಡಿಕೊಂಡಿರುವ ರೈತನಿಗೆ ಈ ಅನಿಶ್ಚಿತತೆ ಹೇಗೋ ಸಹ್ಯವಾಗಬಹುದು. ನೂರು ಜನರಿಗೆ ನಿವೇಶನ ಮಾರಲು ಹೊರಟವರಿಗೆ ಆಗದು.

ಇದಲ್ಲದೆ ಡೀಮ್ಡ್ ಅರಣ್ಯದ, ಅಂದರೆ ಅಧಿಸೂಚನೆಯಾಗದಿದ್ದರೂ ಅರಣ್ಯವೆಂದು ಪರಿಗಣಿಸುವ ಜಮೀನಿನ ಪಟ್ಟಿ ಇದೆ. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದ ನಂತರ ರಾಜ್ಯ ಗುರುತಿಸಿದ್ದ ಸುಮಾರು 9.94 ಲಕ್ಷ ಹೆಕ್ಟೇರ್‌ನ ಪಟ್ಟಿ 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರ್‌ಗೆ ಇಳಿಯಿತು. ತಮ್ಮ ಸರ್ವೆ ನಂಬರ್ ಪಟ್ಟಿಯಿಂದ ಹೊರಬಂತೆಂದು ಹೇಳುವವರಿಂದ ಪಟ್ಟಿಯ ಪುಟವನ್ನೇ ಕೇಳಬೇಕು.

ಕಾಫಿ ತೋಟದ ಮಾತು ಬಂದಾಗ ಹಿಡುವಳಿಯ ಭಾಗ ಯಾವುದು, ಒತ್ತುವರಿ ಯಾವುದು ಎಂದು ಬೇರ್ಪಡಿಸುವುದು ಮೊದಲ ಕೆಲಸ. ತೋಟ ನೋಡಲು ಒಂದೇ ಬೇಲಿಯೊಳಗೆ ಇರುತ್ತದೆ, ಪಹಣಿಯಲ್ಲಿ ಅಲ್ಲ. ಒತ್ತುವರಿಯಾದ ಸರ್ಕಾರಿ ಭೂಮಿಯನ್ನು 25 ಎಕರೆಯವರೆಗೆ 30 ವರ್ಷ ಗುತ್ತಿಗೆಗೆ ಕೊಡುವ ವ್ಯವಸ್ಥೆ ಪ್ಲಾಂಟೇಷನ್ ಬೆಳೆಗಾಗಿ ಬಂದದ್ದು. ಗುತ್ತಿಗೆದಾರ ಮಾಲೀಕನಲ್ಲ, ಅವರು ನಿವೇಶನ ಮಾಡಿ ಮಾರಲು ಆಗುವುದಿಲ್ಲ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕುರಿತು ಕೇಂದ್ರ 2024ರ ಜುಲೈ 31ರಂದು ಹೊರಡಿಸಿದ ಆರನೇ ಕರಡು ಅಧಿಸೂಚನೆಯನ್ನು ರಾಜ್ಯ ಸರ್ಕಾರ ತಿರಸ್ಕರಿಸಿದೆ. ಆದರೆ ಅದು ಕರಡಿನಲ್ಲಿರುವಂತೆಯೇ ಅಂತಿಮವಾದರೆ, ಪಟ್ಟಿಯಲ್ಲಿರುವ ಹಳ್ಳಿಗಳಲ್ಲಿ 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲಿನ ಕಟ್ಟಡ ಯೋಜನೆಗಳಿಗೂ 50 ಹೆಕ್ಟೇರ್ ಮತ್ತು ಅದಕ್ಕೂ ಮೇಲಿನ ಟೌನ್‌ಶಿಪ್‌ಗಳಿಗೂ ನಿಷೇಧ ಬರುತ್ತದೆ. ಸಣ್ಣ ಮನೆ ಕಟ್ಟುವವರಿಗೆ ಇದು ಅಡ್ಡಿಯಲ್ಲ. ದೊಡ್ಡ ವಿಲ್ಲಾ ಯೋಜನೆಯ ಲೆಕ್ಕ ಹಾಕುವವರು ತಮ್ಮ ಹಳ್ಳಿ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳುವುದು ಒಳಿತು.

ಅಕ್ಕತಂಗಿಯರ ಸಹಿ

ಬುಡ ಸರಿಯಿದ್ದ ಜಮೀನು ನಡುವೆ ಕೆಡುವುದು ಹೆಚ್ಚಾಗಿ ಕುಟುಂಬದೊಳಗೆ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಗಂಡುಮಕ್ಕಳ ಹೆಸರಿಗಾಯಿತು, ಅವರು ಮಾರಿದರು ಎಂಬ ಸಾಲು ಹಲವು ಕಡತಗಳಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯ ಸಹಭಾಗಿಗಳನ್ನಾಗಿ ಕರ್ನಾಟಕ 1994ರ ಜುಲೈ 30ರಿಂದಲೇ ಗುರುತಿಸಿತಾದರೂ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ಪ್ರಕರಣದ ತೀರ್ಪು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. 2004ರ ಡಿಸೆಂಬರ್ 20ಕ್ಕೂ ಮುಂಚಿನ ಮಾರಾಟ, ವಿಭಾಗಗಳಿಗೆ ಮಾತ್ರ ರಕ್ಷಣೆ ಇದೆ.

ಹಾಗಾಗಿ ಪಾಲುಪಾರಿಖತ್ತಿನ (ವಿಭಾಗ ಪತ್ರದ) ತಾರೀಖು, ಅದು ನೋಂದಣಿಯಾಗಿದೆಯೇ ಎಂಬುದು ಈಗ ಮೊದಲಿಗಿಂತ ತೂಕದ ಪ್ರಶ್ನೆ. ವಂಶವೃಕ್ಷದಲ್ಲಿ ಎಲ್ಲ ಹೆಣ್ಣುಮಕ್ಕಳ, ತೀರಿಕೊಂಡವರಿದ್ದರೆ ಅವರ ಮಕ್ಕಳ ಹೆಸರು ಇರಬೇಕು, ಕ್ರಯಪತ್ರದಲ್ಲಿ ಎಲ್ಲರ ಸಹಿ ಇರಬೇಕು. ಕುಂಕುಮಕ್ಕೆ ಕೊಟ್ಟಿದ್ದೇವೆ, ಅವರು ಕೇಳುವುದಿಲ್ಲ ಎಂಬ ಮಾತು ಎಕರೆಗೆ ಹೊಲದ ಬೆಲೆ ಇದ್ದಾಗ ನಡೆಯುತ್ತಿತ್ತು. ಚದರಡಿ ಬೆಲೆ ಬಂದ ಮೇಲೆ ನಡೆಯುವುದಿಲ್ಲ. ಮೈನರ್ ಮಗುವಿಗೆ ತನ್ನದೇ ಆದ ಸ್ವತ್ತಿದ್ದರೆ ಅದನ್ನು ಪೋಷಕರು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ; ಮಾರಿದ್ದರೆ, ವಯಸ್ಕನಾದ ಮೂರು ವರ್ಷದೊಳಗೆ ಆ ಮಾರಾಟವನ್ನು ಪ್ರಶ್ನಿಸಬಹುದು.

ಕಾಗದದ ಎಕರೆ, ನೆಲದ ಎಕರೆ

ದೊಡ್ಡ ಗೋಮಾಳದ ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಜನರಿಗೆ ಮಂಜೂರಾಗಿ, ಪೋಡಿ ಆಗದೆ, ಅಂದರೆ ಅಳೆದು ಪ್ರತ್ಯೇಕ ನಂಬರ್ ಕೊಡದೆ, ಎಲ್ಲರೂ ‘ಪೈಕಿ’ ನಂಬರಿನಲ್ಲೇ ಉಳಿದಿರುವುದು ಸಾಮಾನ್ಯ. ಉದಾಹರಣೆಗೆ ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರ್ ಬಂದ್ ಪ್ರಕಾರ ಒಂದು ನಂಬರಿನ ವಿಸ್ತೀರ್ಣ 200 ಎಕರೆ ಇದ್ದು, ಅದರ ಎಲ್ಲ ಪಹಣಿಗಳನ್ನು ಕೂಡಿದರೆ 240 ಎಕರೆ ಬರುತ್ತದೆ ಎಂದಿಟ್ಟುಕೊಳ್ಳಿ. ಆಗ 40 ಎಕರೆ ಕಾಗದದಲ್ಲಿ ಮಾತ್ರ ಇದೆ. ಆ 40 ಎಕರೆ ಯಾರ ಪಾಲಿನದು ಎಂದು ತೀರ್ಮಾನವಾಗುವವರೆಗೆ ಯಾರದ್ದನ್ನೂ ಪೋಡಿ ಮಾಡಲಾಗುವುದಿಲ್ಲ, ಪೋಡಿ ಇಲ್ಲದೆ ಮಾರುವ ಭಾಗವನ್ನು ಗುರುತಿಸುವ 11ಇ ನಕ್ಷೆ ದೊರೆಯುವುದಿಲ್ಲ, ನಕ್ಷೆ ಇಲ್ಲದೆ ಭಾಗಶಃ ಮಾರಾಟ ನೋಂದಣಿಯಾಗುವುದಿಲ್ಲ. ಸರ್ಕಾರದ ದರಖಾಸ್ತು ಪೋಡಿ ಅಭಿಯಾನ ಈ ಗಂಟನ್ನು ಬಿಡಿಸುವ ಪ್ರಯತ್ನವೇ ಆದರೂ, ಅದು ಮುಗಿಯುವ ಮುನ್ನ ಮುಂಗಡ ಕೊಡುವುದು ದುಡುಕು.

ಖರಾಬಿನ, ಅಂದರೆ ಸರ್ವೆಯಲ್ಲಿ ಸಾಗುವಳಿಯಿಂದ ಬಿಟ್ಟ ಭಾಗದ ಲೆಕ್ಕವನ್ನೂ ಇಲ್ಲಿಯೇ ನೋಡಬೇಕು. ‘ಅ’ ಖರಾಬು ಸಾಗುವಳಿಗೆ ಬಾರದ ಭಾಗ. ‘ಬ’ ಖರಾಬು ಹಳ್ಳ, ದಾರಿ, ಕೆರೆ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಭಾಗ, ಅದು ಮಾರುವವರದ್ದಲ್ಲ. ದಾರಿಯ ಬಗ್ಗೆ ಕೇಳಬೇಕಾದದ್ದು ಒಂದೇ: ಅದು ನಕಾಶೆ ಕಂಡ ದಾರಿಯೋ, ಪಕ್ಕದ ಹೊಲದವರು ಒಳ್ಳೆಯ ಮನಸ್ಸಿನಿಂದ ಬಿಟ್ಟ ಬಂಡಿದಾರಿಯೋ? ಎರಡನೆಯದಾದರೆ, ಬಡಾವಣೆಗೆ ಅದೇ ದಾರಿ ಎಂದು ತಿಳಿದ ದಿನವೇ ಅದು ಮುಚ್ಚಿಹೋಗುವ ಸಂಭವವೇ ಹೆಚ್ಚು.

ಪರಿವರ್ತನೆ ಆಯಿತು, ಬಡಾವಣೆ ಆಯಿತೇ?

2020ರಲ್ಲಿ ಭೂ ಸುಧಾರಣಾ ಕಾಯಿದೆಯ ಕಲಂ 79ಎ, 79ಬಿ ರದ್ದಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಇದರಿಂದ ಕೊಳ್ಳುವ ಅಡೆತಡೆ ಹೋಯಿತೇ ವಿನಾ ಮನೆ ಕಟ್ಟುವ ಹಕ್ಕು ಬರಲಿಲ್ಲ. ಅದಕ್ಕೆ ಸಾಮಾನ್ಯವಾಗಿ ಭೂ ಕಂದಾಯ ಕಾಯಿದೆಯ ಕಲಂ 95ರಡಿ ಜಿಲ್ಲಾಧಿಕಾರಿಯ ಪರಿವರ್ತನಾ ಆದೇಶ, ಆಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಡಿ ಬಡಾವಣೆ ನಕ್ಷೆಗೆ ಅನುಮೋದನೆ, ಹೀಗೆ ಎರಡು ಬೇರೆ ಬೇರೆ ಹೆಜ್ಜೆಗಳಿವೆ. ಅನುಮೋದನೆ ಕೊಡುವುದು ಹಾಸನದಲ್ಲಿ ಹುಡಾ (ಹಾಸನ ನಗರಾಭಿವೃದ್ಧಿ ಪ್ರಾಧಿಕಾರ), ಚಿಕ್ಕಮಗಳೂರಿನಲ್ಲಿ ಅಲ್ಲಿಯ ನಗರಾಭಿವೃದ್ಧಿ ಪ್ರಾಧಿಕಾರ. ಕನ್ವರ್ಷನ್ ಆಗಿದೆ ಎಂಬ ಒಂದು ಮಾತಿನಲ್ಲಿ ಎರಡನ್ನೂ ಸೇರಿಸಿ ಹೇಳುವುದರಿಂದಲೇ ಅನಧಿಕೃತ ಬಡಾವಣೆಗಳು ಹುಟ್ಟುತ್ತವೆ. ಪರಿವರ್ತನೆಯ ಅರ್ಜಿಯೊಂದಿಗೆ ಈಗ ಅರ್ಜಿದಾರರೇ ಪ್ರಮಾಣಪತ್ರ ಸಲ್ಲಿಸಿ, ಜಮೀನಿನ ಮೇಲೆ ತಕರಾರಿಲ್ಲ ಎಂದು ಹೇಳಿಕೊಳ್ಳುತ್ತಾರೆ. ಆದ್ದರಿಂದ ಆದೇಶ ಬಂದಿದೆ ಎಂದರೆ ಸರ್ಕಾರ ಹಕ್ಕನ್ನು ಪರಿಶೀಲಿಸಿ ಒಪ್ಪಿದೆ ಎಂದು ಅರ್ಥವಲ್ಲ. ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಆ ಜಾಗ ಹಸಿರು ವಲಯವೋ ವಸತಿ ವಲಯವೋ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆ.ಐ.ಎ.ಡಿ.ಬಿ.) ಅಥವಾ ಹೆದ್ದಾರಿ, ಎತ್ತಿನಹೊಳೆ ಕಾಲುವೆಯ ಭೂಸ್ವಾಧೀನದ ಗೆರೆ ಅದರ ಮೇಲೆ ಹಾದಿದೆಯೋ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು.

ಬಿ-ಖಾತೆಯನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದರ ಅಳತೆ ತಿಳಿಯುತ್ತದೆ. ಈಗಾಗಲೇ ನಿವೇಶನ ಕೊಂಡು ಸಿಕ್ಕಿಬಿದ್ದವರಿಗೆ ಅದು ತೆರಿಗೆಯ ಲೆಕ್ಕದೊಳಗೆ ಒಂದು ನೆಲೆ ಕೊಡುತ್ತದೆ. ಬಡಾವಣೆಗೆ ಇಲ್ಲದ ಅನುಮೋದನೆಯನ್ನಾಗಲಿ, ಮಾರಿದವರಿಗೆ ಇಲ್ಲದ ಹಕ್ಕನ್ನಾಗಲಿ ಅದು ಹುಟ್ಟಿಸುವುದಿಲ್ಲ. ಮುಂದೆಯೂ ಹೀಗೆಯೇ ಖಾತೆ ಸಿಗುತ್ತದೆ ಎಂದು ನಂಬಿ ಇಂದು ಅನುಮೋದನೆಯಿಲ್ಲದ ರೆವಿನ್ಯೂ ಸೈಟ್ ಮಾಡಲು ಹೊರಡುವವರಿಗೆ ಈ ಅಭಿಯಾನದಲ್ಲಿ ಜಾಗವಿಲ್ಲ, ಏಕೆಂದರೆ ಅದು ಕಟ್-ಆಫ್ ದಿನಾಂಕದ ಹಿಂದಿನ ಸ್ವತ್ತುಗಳಿಗೆ ಸೀಮಿತ.

ನಷ್ಟ ಯಾರ ತಲೆಗೆ

500 ಚದರ ಮೀಟರಿಗಿಂತ ದೊಡ್ಡ ಜಮೀನಿನ ಬಡಾವಣೆಯನ್ನು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆಯಡಿ ನೋಂದಾಯಿಸಬೇಕು. ಅದರ ಕಲಂ 18(2)ರಂತೆ ಜಮೀನಿನ ಹಕ್ಕಿನ ದೋಷದಿಂದ ನಿವೇಶನದಾರರಿಗೆ ನಷ್ಟವಾದರೆ ಪ್ರವರ್ತಕರು ಪರಿಹಾರ ಕೊಡಬೇಕು, ಮತ್ತು ಆ ಹೊಣೆಗೆ ಕಾಲಮಿತಿಯ ತಡೆ ಇಲ್ಲ. ರೈತನಿಂದ ಜಮೀನು ಕೊಂಡು ನಿವೇಶನ ಮಾಡಿ ಮಾರಿದವರು ಇಪ್ಪತ್ತು ವರ್ಷದ ನಂತರವೂ ಉತ್ತರಿಸಬೇಕಾಗುತ್ತದೆ. ಮೂಲದಲ್ಲಿ ಮಾರಿದ ರೈತ ಅಷ್ಟು ಹೊತ್ತಿಗೆ ಹಣ ಖರ್ಚು ಮಾಡಿರುತ್ತಾನೆ, ಮಧ್ಯವರ್ತಿ ಕಮಿಷನ್ ಪಡೆದು ಹೋಗಿರುತ್ತಾನೆ. ಕೊಳ್ಳುವ ಬದಲು ಮಾಲೀಕರೊಂದಿಗೆ ಜಂಟಿ ಅಭಿವೃದ್ಧಿ ಕರಾರು ಮಾಡಿಕೊಂಡರೆ ಬಂಡವಾಳ ಉಳಿಯುತ್ತದೆ, ಆದರೆ ಈ ಹೊಣೆ ತಪ್ಪುತ್ತದೆ ಎಂದೇನಿಲ್ಲ.

ವಕೀಲರ ಅಭಿಪ್ರಾಯ ಪತ್ರ ಇದ್ದರೂ ಇದು ತಪ್ಪುವುದಿಲ್ಲ, ಏಕೆಂದರೆ ಆ ಪತ್ರ ವಕೀಲರಿಗೆ ತೋರಿಸಿದ ಕಾಗದಗಳ ಮೇಲಿನ ಅಭಿಪ್ರಾಯ. ಮಾರುವವರ ಕಡೆಯವರೇ ಕಟ್ಟಿ ತಂದ ಕಡತವನ್ನು ನೋಡಿ ಬರೆದ ಪತ್ರಕ್ಕೂ, ಕೊಳ್ಳುವವರು ನೇಮಿಸಿದ ವಕೀಲರು ದಾಖಲೆ ಕೊಠಡಿ, ಸರ್ವೆ ಕಚೇರಿ, ಅರಣ್ಯ ಇಲಾಖೆ, ಉಪವಿಭಾಗಾಧಿಕಾರಿಯ ನ್ಯಾಯಾಲಯ, ಸಿವಿಲ್ ನ್ಯಾಯಾಲಯಗಳಿಂದ ತಾವೇ ಪಡೆದ ಪ್ರತಿಗಳ ಮೇಲೆ ಬರೆದ ಪತ್ರಕ್ಕೂ ಬೆಲೆಯಲ್ಲಿ ಮಾತ್ರವಲ್ಲ, ಅರ್ಥದಲ್ಲಿಯೇ ವ್ಯತ್ಯಾಸವಿದೆ.

ಈ ಕೆಲಸಕ್ಕೆ ತಿಂಗಳುಗಳು ಬೇಕು, ಮಾರುವವರು ಅಷ್ಟು ಕಾಯುವುದಿಲ್ಲ ಎಂಬುದು ನಿಜವಾದ ತೊಂದರೆ. ಇದಕ್ಕೆ ಪರಿಹಾರವನ್ನು ಕ್ರಯದ ಕರಾರಿನಲ್ಲಿಯೇ ಹುಡುಕಬೇಕು. ಸಣ್ಣ ಮುಂಗಡ ಕೊಟ್ಟು ಕರಾರನ್ನು ನೋಂದಾಯಿಸುವುದು, ಮಂಜೂರಾತಿ ಕಡತ, ಪೋಡಿ, ಅರಣ್ಯದ ನಿರಾಕ್ಷೇಪಣೆ ಇವು ನಿಗದಿತ ದಿನದೊಳಗೆ ಸಿಗದಿದ್ದರೆ ಮುಂಗಡ ವಾಪಸಾಗುವ ಷರತ್ತು ಬರೆಯುವುದು, ಸ್ಥಳೀಯವಾಗಿ ಹೆಚ್ಚು ಓದುವ ಕನ್ನಡ ಪತ್ರಿಕೆಯಲ್ಲಿ ಸರ್ವೆ ನಂಬರ್ ಹಾಕಿ ಸಾರ್ವಜನಿಕ ಪ್ರಕಟಣೆ ಕೊಡುವುದು, ಉಳಿದ ಹಣವನ್ನು ಪರಿವರ್ತನೆ ಮತ್ತು ನಕ್ಷೆ ಅನುಮೋದನೆಯ ಹಂತಗಳಿಗೆ ಕಟ್ಟಿಹಾಕುವುದು. ಕ್ರಯಪತ್ರದ ದಿನ ಬೆಳಿಗ್ಗೆ ಇ.ಸಿ. ಮತ್ತು ಪಹಣಿಯನ್ನು ಮತ್ತೊಮ್ಮೆ ತೆಗೆಸಬೇಕು. ಕರಾರಿಗೂ ಕ್ರಯಕ್ಕೂ ನಡುವಿನ ತಿಂಗಳುಗಳಲ್ಲಿ ಸಹಕಾರ ಸಂಘದ ಸಾಲವೋ, ನ್ಯಾಯಾಲಯದ ತಡೆಯಾಜ್ಞೆಯೋ ಪಹಣಿಯ 11ನೇ ಕಾಲಂನಲ್ಲಿ ಬಂದು ಕುಳಿತಿರಬಹುದು.